ಶಿಕ್ಷಕರ ಸಂವಾದ ಶಿಕ್ಷಕರದ್ದಾಗಿಯೇ ಉಳಿಯಲಿ

ಮಲೆನಾಡಿನ ಶಾಲೆಗಳ ಕುರಿತು ಚರ್ಚೆ ನಡೆದಾಗಲೆಲ್ಲ ಸೋರುವ ಹೆಂಚು, ಹಳ್ಳ ದಾಟಲು ಕಾಲುಸಂಕ, ಇಳಿಯುತ್ತಿರುವ ಮಕ್ಕಳ ಸಂಖ್ಯೆ ಪ್ರಸ್ತಾಪವಾಗುತ್ತವೆ. ಶಿಕ್ಷಕರ ಒಂಟಿತನ ಮಾತ್ರ ಯಾರ ಗಮನಕ್ಕೂ ಬರುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು, ತರಗತಿಗಳು ಐದು. ಒಬ್ಬರು ತರಬೇತಿಗೆ ಹೊರಟರೆ ಉಳಿಯುವವರು ಒಬ್ಬರೇ. ಕಳೆಯುವ ಲೆಕ್ಕದಲ್ಲಿ ಮಗು ದಶಕ ಬಿಡಿಸಲಾರದೆ ತಡವರಿಸಿದರೆ, ‘ನೀವು ಇದನ್ನು ಹೇಗೆ ಕಲಿಸುತ್ತೀರಿ?’ ಎಂದು ಕೇಳಲು ಪಕ್ಕದ ಕೊಠಡಿಯಲ್ಲಿ ಯಾರೂ ಇರುವುದಿಲ್ಲ.

ಈ ಕೊರತೆಯನ್ನು ಕಿಂಚಿತ್ತಾದರೂ ತುಂಬುತ್ತಿರುವುದು ವಾಟ್ಸ್ಆ್ಯಪ್, ಟೆಲಿಗ್ರಾಂ ಗುಂಪುಗಳಲ್ಲಿ ಶಿಕ್ಷಕರು ತಮ್ಮತಮ್ಮೊಳಗೆ ನಡೆಸುವ ಸಂವಾದ. ಸಂಜೆ ಒಬ್ಬರು ಪ್ರಶ್ನೆ ಹಾಕಿದರೆ, ‘ಹತ್ತು ಕಡ್ಡಿಗಳ ಕಟ್ಟು ಮಾಡಿ, ಮಗುವಿನ ಕೈಯಿಂದಲೇ ಬಿಚ್ಚಿಸಿ’ ಎಂಬ ಸಲಹೆ ಬೇರೊಂದು ತಾಲ್ಲೂಕಿನಿಂದ ಬರುತ್ತದೆ. ಮಕ್ಕಳು ಕಾಡಂಚಿನಿಂದ ತಂದ ಎಲೆಯ ಚಿತ್ರ ಹಾಕಿದರೆ ಅದರ ಹೆಸರು, ಹೂಬಿಡುವ ಕಾಲ, ಊರವರು ಅದನ್ನು ಬಳಸುವ ರೀತಿ ಒಂದೊಂದಾಗಿ ಕೂಡಿಕೊಳ್ಳುತ್ತವೆ. ಪಠ್ಯಪುಸ್ತಕದಲ್ಲಿಲ್ಲದ ಪರಿಸರ ಪಾಠವೊಂದು ಹೀಗೆ ಸಿದ್ಧವಾಗುತ್ತದೆ. ‘ನಮ್ಮ ಶಾಲೆಯಲ್ಲೂ ಹೀಗೆಯೇ ಆಗಿತ್ತು’ ಎಂಬ ಒಂದೇ ಸಾಲು ಕುಗ್ಗಿದ ಮನಸ್ಸಿಗೆ ನೀಡುವ ಧೈರ್ಯ ಯಾವ ಸುತ್ತೋಲೆಯಿಂದಲೂ ದೊರೆಯದು.

ಪರಸ್ಪರ ಕಲಿಯುವ ಈ ಗುಣ ಮೊಬೈಲ್ ತಂದುಕೊಟ್ಟದ್ದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ಕಂಡು ಬಂದು, ಒಟ್ಟಿಗೆ ಕುಳಿತು ಚರ್ಚಿಸಿ, ‘ನಲಿ-ಕಲಿ’ಯನ್ನು ರೂಪಿಸಿದರು. ಮುಂದೆ ಅದು ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. 2020ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದಾಗ ಜಗುಲಿ, ಅಂಗಳ, ಮರದ ನೆರಳುಗಳಲ್ಲಿ ಪಾಠ ಮಾಡಿದವರೂ ತಮ್ಮ ಅನುಭವವನ್ನು ಹೀಗೆಯೇ ಹಂಚಿಕೊಂಡರು.

ಆದರೆ ಇಂದು ಅನೇಕ ಗುಂಪುಗಳ ಸ್ಥಿತಿ ಬೇರೆಯೇ ಆಗಿದೆ. ‘ಇಂದೇ ಮಾಹಿತಿ ಸಲ್ಲಿಸಿ’ ಎಂಬ ಆದೇಶ, ಭರ್ತಿ ಮಾಡಬೇಕಾದ ನಮೂನೆ, ಕಾರ್ಯಕ್ರಮ ನಡೆದುದಕ್ಕೆ ಸಾಕ್ಷಿಯ ಫೋಟೊ, ಹಬ್ಬದ ಶುಭಾಶಯ ಇವುಗಳ ನಡುವೆ ಪಾಠದ ಮಾತು ಹೂತುಹೋಗುತ್ತದೆ. ಮೇಲಧಿಕಾರಿಗಳೂ ಇರುವ ಗುಂಪಿನಲ್ಲಿ ‘ನನಗಿದು ತಿಳಿಯುತ್ತಿಲ್ಲ’ ಎಂದು ಬರೆಯಲು ಯಾವ ಶಿಕ್ಷಕಿ ಮುಂದಾಗುತ್ತಾರೆ? ಪ್ರಶ್ನೆ ಕೇಳುವುದೇ ಅಜ್ಞಾನದ ಗುರುತಾದರೆ ಉಳಿಯುವುದು ಮೌನ. ಆ ಮೌನದ ಬೆಲೆ ತೆರುವವರು ಮಕ್ಕಳು.

ಆದ್ದರಿಂದ ಆಡಳಿತದ ಗುಂಪು ಬೇರೆ, ಪಾಠದ ಗುಂಪು ಬೇರೆ ಎಂಬುದು ಇಲಾಖೆಯ ನಿಯಮವಾಗಬೇಕು. ಗುಂಪಿನಲ್ಲಿ ಮೂಡಿದ ಪ್ರಶ್ನೆಗಳನ್ನು ಕ್ಲಸ್ಟರ್ ಸಮಾಲೋಚನಾ ಸಭೆಗೆ ಒಯ್ದು, ಒಳ್ಳೆಯ ಉತ್ತರಗಳನ್ನು ಪುಸ್ತಕದಲ್ಲಿ ಬರೆದಿಡಬೇಕು. ಮೊಬೈಲ್ ಪರದೆಯಲ್ಲಿ ಅವು ಮರುದಿನವೇ ಮೇಲೆ ಸರಿದು ಮರೆಯಾಗುತ್ತವೆ. ಮಕ್ಕಳ ಮುಖ, ಹೆಸರು, ಅಂಕಗಳನ್ನು ಹರಿಯಬಿಡಕೂಡದು.

ಊರವರ ಪಾಲೂ ಇದೆ. ಮಳೆಗಾಲದಲ್ಲಿ ವಿದ್ಯುತ್ತಿನೊಡನೆ ಸಿಗ್ನಲ್ಲೂ ಹೋಗುವ ಹಳ್ಳಿಗಳಲ್ಲಿ ಈ ಸಂವಾದವೂ ಕಡಿದುಹೋಗುತ್ತದೆ. ಶಾಲೆಗೆ ಸಂಪರ್ಕ ಬೇಕೆಂದು ಎಸ್‌ಡಿಎಂಸಿ ಮತ್ತು ಗ್ರಾಮಸಭೆ ಒತ್ತಾಯಿಸಬೇಕು. ಗಿಡಮರ, ಬೀಜ, ಹಳ್ಳಕೊಳ್ಳಗಳನ್ನು ಬಲ್ಲ ಹಿರಿಯರು ತಮ್ಮ ಅರಿವನ್ನು ಶಿಕ್ಷಕರಿಗೆ ಒದಗಿಸಬೇಕು. ಶಾಲೆ ಉಳಿಸಿ ಎಂದು ಹೋರಾಡುವವರು, ಅದರೊಳಗೆ ಒಬ್ಬಂಟಿಯಾಗಿ ದುಡಿಯುವವರಿಗೆ ಜೊತೆಯಾಗುವುದೂ ಆ ಹೋರಾಟದ ಭಾಗವೆಂದು ಅರಿಯಬೇಕು.