ಎರಡು ಬಗೆಯ ಗುಮಾಸ್ತರು

ಬ್ಯಾಂಕಿನಲ್ಲಾಗಲಿ ಆಸ್ಪತ್ರೆಯಲ್ಲಾಗಲಿ ನಮ್ಮ ಹೆಸರು, ಹಣ, ತಾರೀಖುಗಳನ್ನು ಇಂದು ಕಾಯ್ದಿಡುವುದು ಕಂಪ್ಯೂಟರಿನೊಳಗಿನ ದಫ್ತರ. ಬಲ್ಲವರು ಅದನ್ನು ಡೇಟಾಬೇಸ್ ಎನ್ನುತ್ತಾರೆ. ಅವುಗಳಲ್ಲಿ ಕೆಲವು, ಯಾರು ಬೇಕಾದರೂ ಒಳಗನ್ನು ತೆರೆದು ನೋಡಿ, ತಿದ್ದಿ, ಪುಕ್ಕಟೆಯಾಗಿ ಬಳಸಬಹುದಾದ ಮುಕ್ತ ತಂತ್ರಾಂಶಗಳು. ಎರಡೂ ಪುಕ್ಕಟೆಯೆಂದ ಮೇಲೆ ಇದೇ ಬೇಕು, ಅದು ಬೇಡವೆಂಬ ಜಗಳವೇಕೆಂದು ವಾಚಕರು ಕೇಳಬಹುದು.

1995ರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿದ ಮೈಎಸ್‌ಕ್ಯುಎಲ್ ಬಲು ಚುರುಕಿನ ಗುಮಾಸ್ತ. ಕೆಲಸಕ್ಕೆ ಕೂರಿಸುವುದು ಸುಲಭ, ಕೇಳಿದ್ದನ್ನು ಹುಡುಕಿ ಕೊಡುವುದು ಶೀಘ್ರ. ಜಾಲತಾಣ ಕಟ್ಟುವ ತರುಣರು ಅವನಿಗೆ ಮಾರುಹೋದುದು ಸಹಜವೇ. ಆದರೆ ಅವನಿಗೆ ದಾಕ್ಷಿಣ್ಯದ ರೋಗವಿತ್ತು, ಯಾರಿಗೂ ಇಲ್ಲವೆನ್ನಲಾರ. ಅಂಕಣಕ್ಕೆ ಹಿಡಿಸದ ಹೆಸರು ಕೊಟ್ಟರೆ ಬಾಲ ಕತ್ತರಿಸಿ ಬರೆದುಕೊಳ್ಳುವನು. ಇಲ್ಲದ ತಾರೀಖು ಕೊಟ್ಟರೆ ಸೊನ್ನೆಗಳನ್ನು ತುಂಬಿ ಸುಮ್ಮನಾಗುವನು. ಇಂಥ ತಪ್ಪನ್ನು ತಾನಾಗಿಯೇ ನಿರಾಕರಿಸುವ ಕ್ರಮ ಬಂದದ್ದು 2015ರ ಆವೃತ್ತಿಯಲ್ಲಿ. ಒಂದು ಖಾತೆಯಿಂದ ನೂರು ರೂಪಾಯಿ ಕಳೆದು ಇನ್ನೊಂದಕ್ಕೆ ಕೂಡಿಸುವಷ್ಟರಲ್ಲಿ ವಿದ್ಯುತ್ತು ನಿಂತರೆ? ಮೊದಮೊದಲ ಕೋಷ್ಟಕಗಳಲ್ಲಿ ಕಳೆದದ್ದು ಕಳೆದಂತೆಯೇ ಉಳಿಯುತ್ತಿತ್ತು. ಎರಡೂ ಆಗಬೇಕು, ಇಲ್ಲವೆ ಎರಡೂ ಆಗಬಾರದೆಂಬ ಕಟ್ಟುಪಾಡು ಅಲ್ಲಿ ವಾಡಿಕೆಯಾದುದು 2010ರಲ್ಲಿ.

ಪೋಸ್ಟ್‌ಗ್ರೆಸ್ ಎಂಬ ಇನ್ನೊಬ್ಬ ಗುಮಾಸ್ತ ಹಟಮಾರಿ. 1986ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಮೈಕೇಲ್ ಸ್ಟೋನ್‌ಬ್ರೇಕರ್ ಅವರು ಆರಂಭಿಸಿದ ಸಂಶೋಧನೆ ಇದರ ಮೂಲ. ತಪ್ಪು ಕಾಗದವನ್ನು ಇವನು ಮುಖದೆದುರೇ ಹಿಂದಿರುಗಿಸುವನು. ಇವನಿಗೂ ದೋಷವಿಲ್ಲದಿಲ್ಲ: ಒಂದು ಸಾಲನ್ನು ತಿದ್ದಿದರೆ ಹಳೆಯದನ್ನು ಒಡನೆ ಅಳಿಸದೆ ಹೊಸ ಪ್ರತಿಯನ್ನು ಬರೆದಿಡುವುದು ಇವನ ಪದ್ಧತಿ, ಆಗಾಗ ಕಸ ಗುಡಿಸದಿದ್ದರೆ ದಫ್ತರ ಉಬ್ಬುತ್ತದೆ. ಹಾಗಿದ್ದರೂ, ನನ್ನನ್ನು ಕೇಳಿದರೆ ಹಣದ ಲೆಕ್ಕಕ್ಕೆ ಹಟಮಾರಿಯೇ ಇರಲಿ ಎನ್ನುವೆನು.

ಒಡೆತನದ ಪ್ರಶ್ನೆಯೂ ಉಂಟು. ಮೈಎಸ್‌ಕ್ಯುಎಲ್ ಸಂಸ್ಥೆ 2008ರಲ್ಲಿ ಸುಮಾರು 100 ಕೋಟಿ ಡಾಲರಿಗೆ ಸನ್ ಕಂಪನಿಯ ಪಾಲಾಯಿತು; 2010ರಲ್ಲಿ ಸನ್ ಕಂಪನಿಯೇ ಒರೇಕಲ್ ವಶವಾಯಿತು. ಬೆಲೆಬಾಳುವ ಸ್ವಂತ ಡೇಟಾಬೇಸನ್ನು ಮಾರುವ ವ್ಯಾಪಾರಿ ಪುಕ್ಕಟೆಯದನ್ನು ಎಷ್ಟು ಅಕ್ಕರೆಯಿಂದ ಸಾಕಿಯಾನೆಂಬ ಶಂಕೆ ಹಲವರನ್ನು ಕಾಡಿತು. ಹಿರಿಯ ಮಗಳು ಮೈ ಹೆಸರನ್ನು ಮೊದಲ ಕೃತಿಗೆ ಇಟ್ಟಿದ್ದ ಮೈಕೇಲ್ ವಿಡೇನಿಯಸ್ ಅವರು ಅದರಿಂದಲೇ ಕವಲೊಡೆಸಿ, ಕಿರಿಯ ಮಗಳ ಹೆಸರಿನಲ್ಲಿ ಮಾರಿಯಾಡಿಬಿಯನ್ನು ಹೊರತಂದರು. ಪೋಸ್ಟ್‌ಗ್ರೆಸ್ಸನ್ನು ಹೀಗೆ ಇಡಿಯಾಗಿ ಮಾರಲು ಅದಕ್ಕೆ ಒಬ್ಬ ಯಜಮಾನನೇ ಇಲ್ಲ.

ಆದರೂ ಎಲ್ಲರೂ ಮನೆ ಬದಲಾಯಿಸಲಿಲ್ಲ. ಒಂದರ ಆಡುನುಡಿಗೆ ಹೊಂದಿಸಿ ಬರೆದ ಸಾವಿರಾರು ಪ್ರಶ್ನೆಗಳನ್ನು ಇನ್ನೊಂದಕ್ಕಾಗಿ ತಿದ್ದುವವರಾರು? ಬರೆಯುವವರು ಕೆಲವರು, ಓದುವವರು ಬಹುಮಂದಿ ಇರುವ ಲೆಕ್ಕವಿಲ್ಲದಷ್ಟು ವರ್ಡ್‌ಪ್ರೆಸ್ ತಾಣಗಳನ್ನು ಇಂದಿಗೂ ಅಕ್ಕ ಇಲ್ಲವೆ ತಂಗಿ ನಡೆಸಿಕೊಂಡು ಹೋಗುತ್ತಿದ್ದಾರೆ.