ಬಾಗಿಲು ತಟ್ಟುವವರು ಎಲ್ಲಿ?

ನಮ್ಮ ಮೆಥೊಡಿಸ್ಟ್ ಸಭೆಗಳಲ್ಲಿ ಈಗ ‘ದರ್ಶನ’ದ ಹಂಗಾಮು. ಶತಮಾನೋತ್ಸವ ಮುಗಿಸಿಕೊಂಡ ಸಭೆಗಳು ಮುಂದಿನ ಐದು ವರ್ಷದ ಗುರಿ ಬರೆದು, ಫ್ಲೆಕ್ಸ್ ಮಾಡಿಸಿ ಕಾಂಪೌಂಡ್ ಗೋಡೆಗೆ ಕಟ್ಟುತ್ತಿವೆ. ಬಿಷಪ್ಪರ ಫೋಟೊ ದೊಡ್ಡದು, ಸಭಾಪಾಲಕ ಅಯ್ಯನವರದು ಸ್ವಲ್ಪ ಚಿಕ್ಕದು, ಕಮಿಟಿಯವರದು ಅಂಚೆಚೀಟಿ ಗಾತ್ರದ್ದು. ಕೆಳಗೆ ಗುರಿಗಳು: ಸಮುದಾಯ ಭವನ, ಹೊಸ ಸೌಂಡ್ ಸಿಸ್ಟಮ್, ಮೂರು ದಿನದ ಉಜ್ಜೀವನ ಕೂಟ. ಇವು ಯಾವುವೂ ತಪ್ಪಲ್ಲ. ಆದರೆ ಇವುಗಳಲ್ಲಿ ಒಂದಾದರೂ ಸಭೆಗೆ ಬಾರದವನ ಬದುಕನ್ನು ಮುಟ್ಟುತ್ತದೆಯೇ ಎಂದು ಕೇಳಿದರೆ ಕಮಿಟಿಯವರು ಮುಖ ಮುಖ ನೋಡಿಕೊಳ್ಳುತ್ತಾರೆ.

ಮೆಥೊಡಿಸ್ಟರಿಗೆ ತಮ್ಮ ಕರೆ ಏನೆಂದು ಗೊತ್ತಾದದ್ದು ಒಂದು ಸಾಲದ ದೆಸೆಯಿಂದ. ಮೆಥೊಡಿಸ್ಟ್ ಚಳವಳಿ ಹುಟ್ಟುಹಾಕಿದ ಜಾನ್ ವೆಸ್ಲಿ 1739ರಲ್ಲಿ ಬ್ರಿಸ್ಟಲ್‌ನಲ್ಲಿ ‘ನ್ಯೂ ರೂಮ್’ ಎಂಬ ಕೂಟದ ಮನೆ ಕಟ್ಟಿಸಲು ಹೊರಟರು. ಕಟ್ಟಡ ಎದ್ದಿತು, ಸಾಲವೂ ಬೆಳೆಯಿತು. 1742ರ ಫೆಬ್ರವರಿಯಲ್ಲಿ ಅಲ್ಲಿನ ಹಿರಿಯರು ಸೇರಿ, ತೀರಿಸುವುದು ಹೇಗೆಂದು ತಲೆ ಕೆಡಿಸಿಕೊಂಡಿದ್ದರು. ಕ್ಯಾಪ್ಟನ್ ಫಾಯ್ ಎಂಬವರು, ಸಾಲ ತೀರುವ ತನಕ ಪ್ರತಿಯೊಬ್ಬರೂ ವಾರಕ್ಕೊಂದು ಪೆನ್ನಿ ಕೊಡಲಿ ಎಂದರು. ಬಡವರೇ ಹೆಚ್ಚಾಗಿದ್ದಾರಲ್ಲ, ಅವರು ಎಲ್ಲಿಂದ ತಂದಾರು ಎಂದು ಇನ್ನೊಬ್ಬರು ಆಕ್ಷೇಪಿಸಿದರು. ಹಾಗಾದರೆ ತೀರಾ ಬಡವರಾದ ಹನ್ನೊಂದು ಜನರನ್ನು ನನಗೇ ಬಿಡಿ, ವಾರವಾರ ಅವರ ಮನೆಗೆ ಹೋಗುತ್ತೇನೆ, ಅವರಿಂದ ಆಗದಿದ್ದರೆ ಅವರ ಪಾಲನ್ನೂ ನಾನೇ ಹಾಕುತ್ತೇನೆ, ನೀವೂ ಒಬ್ಬೊಬ್ಬರು ಹನ್ನೊಂದು ಮನೆ ಹಿಡಿದುಕೊಳ್ಳಿ ಎಂದರು ಫಾಯ್.

ಹಾಗೆಯೇ ಆಯಿತು. ಪೆನ್ನಿ ಕೇಳಲು ಹೋದವರು ಬರಿಗೈಲಿ ಬಂದದ್ದೂ ಉಂಟು, ಸುದ್ದಿ ಹೊತ್ತು ಬಂದದ್ದಂತೂ ದಿಟ. ಒಂದು ಮನೆಯಲ್ಲಿ ಗಂಡ ಹೆಂಡತಿಗೆ ಮಾತಿಲ್ಲ, ಇನ್ನೊಂದರಲ್ಲಿ ಯಜಮಾನ ಮತ್ತೆ ಕುಡಿತಕ್ಕೆ ಬಿದ್ದಿದ್ದಾನೆ. ಪ್ರಸಂಗಪೀಠದಿಂದ ಕಾಣದ ಇದೆಲ್ಲ ಹೊಸ್ತಿಲಲ್ಲಿ ಕಂಡಿತು. ಬಹಳ ದಿನದಿಂದ ಹುಡುಕುತ್ತಿದ್ದುದು ಇದೇ ಎಂದು ವೆಸ್ಲಿಗೆ ಹೊಳೆಯಿತು. ಸುಮಾರು ಹನ್ನೆರಡು ಜನರ ‘ಕ್ಲಾಸ್’, ಅದಕ್ಕೊಬ್ಬ ಲೀಡರ್, ವಾರಕ್ಕೊಮ್ಮೆ ಭೇಟಿ, ಮೂರು ತಿಂಗಳಿಗೊಮ್ಮೆ ಸದಸ್ಯತ್ವದ ಟಿಕೆಟ್. ಲೀಡರುಗಳು ಅಂಗಡಿಯವರು, ಕುಶಲಕರ್ಮಿಗಳು, ಎಷ್ಟೋ ಕಡೆ ಹೆಂಗಸರು. ಸಾಲದ ವಸೂಲಿಗೆಂದು ಹುಟ್ಟಿದ ಏರ್ಪಾಡು ಆ ಚಳವಳಿಯ ಬೆನ್ನೆಲುಬಾಯಿತು. ಹತ್ತೊಂಬತ್ತನೇ ಶತಮಾನ ಮುಗಿಯುವ ಹೊತ್ತಿಗೆ ಹೆಚ್ಚಿನ ಕಡೆ ಕ್ಲಾಸ್ ಸೊರಗಿ, ವಂತಿಗೆ ಮಾತ್ರ ಉಳಿಯಿತು.

ನಮ್ಮಲ್ಲೂ ಉಳಿದಿರುವುದು ವಂತಿಗೆಯೇ. ತಿಂಗಳ ಚಂದಾ ಬಾಕಿಯಿದ್ದರೆ ಮದುವೆಗೆ ಪತ್ರ ಬೇಕಾದಾಗ ಲೆಕ್ಕ ತೆಗೆಯುತ್ತಾರೆ. ಬಾಕಿ ಏಕೆ ಉಳಿಯಿತು ಎಂದು ಮನೆಗೆ ಹೋಗಿ ಕೇಳುವವರು ಕಡಿಮೆ.

ನಮ್ಮಲ್ಲಿ ಎಂದಾಗ ಯಾರು ಎಂಬುದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಮೈಸೂರು, ತುಮಕೂರು, ಹಾಸನ ಸೀಮೆಯ ಇಂಗ್ಲಿಷ್ ವೆಸ್ಲಿಯನ್ ಮಿಷನ್ನಿನ ಸಭೆಗಳು 1947ರಲ್ಲಿ ಚರ್ಚ್ ಆಫ್ ಸೌತ್ ಇಂಡಿಯಾ (ಸಿಎಸ್‌ಐ) ಸೇರಿದವು. ಕೋಲಾರ, ಬೀದರ್, ಬೆಳಗಾವಿ ಕಡೆ ಬೇರೂರಿದ್ದ ಅಮೆರಿಕನ್ ಮಿಷನ್ನಿನ ಸಭೆಗಳು ಸೇರದೆ ಬೇರೆ ಉಳಿದು, 1981ರಲ್ಲಿ ಸ್ವತಂತ್ರವಾದ ಮೆಥೊಡಿಸ್ಟ್ ಚರ್ಚ್ ಇನ್ ಇಂಡಿಯಾದ ಭಾಗವಾದವು. ನಾವು ಈ ಎರಡನೆಯವರು.

ಇವುಗಳಲ್ಲಿ ಕೋಲಾರದ ಕತೆ ಕರೆಯ ಪ್ರಶ್ನೆಗೆ ತೀರಾ ಹತ್ತಿರದ್ದು. ಧಾತು ಸಂವತ್ಸರದ ಬರ, ಅಂದರೆ 1876–78ರ ಕ್ಷಾಮದಲ್ಲಿ ಮೈಸೂರು ಸೀಮೆಯಲ್ಲಿ ಲಕ್ಷಗಟ್ಟಲೆ ಜನ ಸತ್ತರು. ತಾಯ್ತಂದೆ ಇಲ್ಲದ ಮಕ್ಕಳನ್ನು ಮಿಸ್ ಆನ್‌ಸ್ಟೀ ಎಂಬ ಹೆಣ್ಣುಮಗಳು ಕೋಲಾರದಲ್ಲಿ ಸಾಕಿದರು. ಆ ಅನಾಥಾಲಯ 1890ರಲ್ಲಿ ಮೆಥೊಡಿಸ್ಟರ ಕೈಗೆ ಬಂತು. ಗಂಡಸು ಡಾಕ್ಟರಿಗೆ ನಾಡಿ ತೋರಿಸಲೂ ಹೆಂಗಸರು ಹಿಂಜರಿಯುತ್ತಿದ್ದ ಕಾಲ ಅದು. 1910ರಲ್ಲಿ ಎಲೆನ್ ಥೋಬರ್ನ್ ಕೋವನ್ ಸ್ಮಾರಕ ಆಸ್ಪತ್ರೆ, ಊರವರ ಬಾಯಲ್ಲಿ ಇಟಿಸಿಎಂ, ಶುರುವಾಯಿತು. ಆಗ ಯಾರೂ ದರ್ಶನಪತ್ರ ಬರೆದು ಆಮೇಲೆ ಹಸಿದವರನ್ನು ಹುಡುಕಿದ್ದಲ್ಲ. ಮಕ್ಕಳು ಬಾಗಿಲಲ್ಲಿದ್ದರು, ಅನಾಥಾಲಯ ಆಯಿತು. ಬಸುರಿಯರು ಸಾಯುತ್ತಿದ್ದರು, ಆಸ್ಪತ್ರೆ ಆಯಿತು.

ಈಗ ಕೋಲಾರದಲ್ಲಿ ಜಿಲ್ಲಾಸ್ಪತ್ರೆ ಇದೆ, ಊರಾಚೆ ಮೆಡಿಕಲ್ ಕಾಲೇಜಿದೆ. ಸರ್ಕಾರಿ ಶಾಲೆ ಇಲ್ಲದ ಹಳ್ಳಿ ಅಪರೂಪ. ನೂರು ವರ್ಷದ ಹಿಂದೆ ನಾವು ತುಂಬಿದ ಕೊರತೆಯನ್ನು ಬೇರೆಯವರು ತುಂಬುತ್ತಿದ್ದಾರೆ, ಒಳ್ಳೆಯದೇ. ಹಳೆಯ ಸಂಸ್ಥೆಗಳನ್ನು ಉಳಿಸಿಕೊಳ್ಳುವುದನ್ನೇ ಮಿಷನ್ ಎಂದುಕೊಂಡದ್ದು ಮಾತ್ರ ನಮ್ಮ ಪಜೀತಿ. ಬಾಡಿಗೆ, ಟ್ರಸ್ಟ್, ಅಡ್ಮಿಷನ್, ಕೋರ್ಟಿನ ವಾಯಿದೆ ಇವುಗಳಲ್ಲೇ ಕಾನ್ಫರೆನ್ಸಿನ ಹೊತ್ತು ಕಳೆಯುತ್ತದೆ. ಆಸ್ತಿ ಇಲ್ಲದ ಬಡ ಸಭೆಗಳಲ್ಲಿ ಜಗಳವೂ ಕಡಿಮೆ ಎಂಬುದು ನಾನು ಕಂಡ ಮಾತು.

ಕೊರತೆ ಎಲ್ಲೂ ಹೋಗಿಲ್ಲ, ಜಾಗ ಬದಲಿಸಿದೆ. ಕೋಲಾರದಿಂದ ಸುಮಾರು ಮೂವತ್ತು ಕಿಲೋಮೀಟರ್ ದೂರದ ಕೆಜಿಎಫ್‌ಗೆ ಹೋಗಿ ನೋಡಿ. 2001ರ ಫೆಬ್ರವರಿ ಕೊನೆಗೆ ಚಿನ್ನದ ಗಣಿ ಮುಚ್ಚಿತು. ಗಾಳಿಗಾಲದಲ್ಲಿ ಸೈನೈಡ್ ದಿಬ್ಬಗಳ ಧೂಳು ಲೈನ್ ಮನೆಗಳ ಅಡುಗೆ ಪಾತ್ರೆಯ ತನಕ ಬರುತ್ತದೆ. ಸುರಂಗದ ಕಲ್ಲುಧೂಳು ಕುಡಿದ ಮುದುಕರು ಕೆಮ್ಮುತ್ತ ಕೂತಿದ್ದಾರೆ. ಮಾರಿಕುಪ್ಪಂನಿಂದ ಬೆಳಗಿನ ಜಾವ ಹೊರಡುವ ರೈಲಿನಲ್ಲಿ ಅವರ ಮಕ್ಕಳು, ಸೊಸೆಯಂದಿರು ಬೆಂಗಳೂರಿಗೆ ಸೆಕ್ಯುರಿಟಿ, ಹೌಸ್‌ಕೀಪಿಂಗ್ ಕೆಲಸಕ್ಕೆ ಹೋಗಿ ರಾತ್ರಿ ತೂಕಡಿಸುತ್ತ ಹಿಂದಿರುಗುತ್ತಾರೆ. ಕ್ಯಾರಿಯರಿನಲ್ಲಿ ಮಧ್ಯಾಹ್ನದ ಊಟ, ಚೀಲದಲ್ಲಿ ಮಡಿಸಿದ ಯೂನಿಫಾರ್ಮು. ಹಗಲೆಲ್ಲ ಮನೆಯಲ್ಲಿ ಮುದುಕರು, ಮಕ್ಕಳು ಮಾತ್ರ. 1739ರಲ್ಲಿ ವೆಸ್ಲಿ ಬಯಲಿಗಿಳಿದು ಮಾತಾಡಿದ್ದು ಕಿಂಗ್ಸ್‌ವುಡ್‌ನ ಕಲ್ಲಿದ್ದಲು ಗಣಿಯವರ ಮುಂದೆ. ಚರ್ಚಿನವರು ಅವರನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ವೆಸ್ಲಿಯ ಹೆಸರು ಹೇಳುವವರಿಗೆ ಇನ್ನೊಂದು ಗಣಿ ಊರು ಪಕ್ಕದಲ್ಲೇ ಇರುವಾಗ ದರ್ಶನಕ್ಕೆ ಸಮಾಲೋಚಕರನ್ನು ಕರೆಸುವುದೇಕೆ? ಆ ಗಣಿ ಊರಿನವರ ಮನೆಮಾತು ಹೆಚ್ಚಾಗಿ ತಮಿಳು, ನಮ್ಮದು ಕನ್ನಡ ಎಂಬ ನೆಪವೊಂದಿದೆ. ಕೋಲಾರ ಜಿಲ್ಲೆಯಲ್ಲಿ ಎರಡು ಮೂರು ಭಾಷೆ ಬಾರದವರು ಯಾರಿದ್ದಾರೆ?

ಕೆಮ್ಮುವ ಮುದುಕರಿಗೆ ಕಟ್ಟಡ ಬೇಡ. ವಾರಕ್ಕೊಮ್ಮೆ ಬಂದು, ಮಾತ್ರೆ ಮುಗಿದಿದೆಯೇ, ಪಿಂಚಣಿ ಬಂತೇ ಎಂದು ಕೇಳಿ, ಬರದಿದ್ದರೆ ತಾಲ್ಲೂಕು ಕಚೇರಿಗೆ ಜೊತೆಗೆ ಹೋಗುವ ಒಬ್ಬರು ಸಾಕು. ಇದನ್ನೇ ನಾನು ಕ್ಲಾಸ್ ಲೀಡರ್ ಕೆಲಸ ಎನ್ನುವುದು.

ಬೀದರ್ ಕಡೆಯ ಕೊರತೆ ಬೇರೆ ಥರದ್ದು. ಅಲ್ಲಿನ ಸಭೆಗಳ ಬಹುಪಾಲು ಜನ ಮಾದಿಗ ಸಮುದಾಯದ ಮೂಲದವರು. 1950ರ ರಾಷ್ಟ್ರಪತಿಗಳ ಆದೇಶದಿಂದಾಗಿ, ಕ್ರೈಸ್ತನೆಂದು ಬರೆಸಿಕೊಂಡವನು ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಗೆ. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಬಾಗಿಲು ತೆರೆಯಿತು, ಇವರಿಗೆ ತೆರೆಯಲಿಲ್ಲ. ಊರಿನಲ್ಲಿ ಜಾತಿ ಮಾತ್ರ ಮೊದಲಿನ ಹಾಗೆಯೇ ಬೆನ್ನಟ್ಟುತ್ತದೆ. ಅವರ ಮಕ್ಕಳ ಫೀಸು, ಸರ್ಟಿಫಿಕೇಟಿನ ಅಲೆದಾಟ ನಮ್ಮ ಪ್ರಾರ್ಥನೆಯಲ್ಲಿ ಎಷ್ಟು ಸಲ ಬರುತ್ತದೆ? ಬೆಂಗಳೂರಿನ ನಮ್ಮ ದೊಡ್ಡ ಶಾಲೆಗಳಲ್ಲಿ ಆ ಮಕ್ಕಳಿಗೆಂದು ಇಷ್ಟು ಸೀಟು, ಹಾಸ್ಟೆಲ್ ಖರ್ಚು ಸಮೇತ, ಮೀಸಲಿಡಿ ಎಂದು ಕಾನ್ಫರೆನ್ಸಿನಲ್ಲಿ ಎದ್ದು ಕೇಳುವವರು ಬೇಕು.

ಮಿಷನ್ ಎಂದರೆ ಮತಾಂತರವೇ ಎಂದು ಹುಬ್ಬೇರಿಸುವವರಿದ್ದಾರೆ. 2022ರಲ್ಲಿ ನಮ್ಮ ರಾಜ್ಯದಲ್ಲಿ ಅದಕ್ಕೊಂದು ಕಾಯ್ದೆಯೂ ಆಯಿತು. ನಮ್ಮಲ್ಲಿ ಕೆಲವರು ಹೆದರಿ ಸೇವೆಯನ್ನೇ ಕೈಬಿಟ್ಟರೆ, ಇನ್ನು ಕೆಲವರು ಹಟಕ್ಕೆ ಬಿದ್ದು ಮೈಕ್ ಜೋರು ಮಾಡಿದರು. ಎರಡೂ ನನಗೆ ಒಪ್ಪಿಗೆಯಿಲ್ಲ. 1785ರ ಜನವರಿಯಲ್ಲಿ 81 ವರ್ಷದ ವೆಸ್ಲಿ ಕರಗುವ ಹಿಮದಲ್ಲಿ ಕಾಲು ನೆನೆಸಿಕೊಂಡು ಲಂಡನ್ನಿನ ಬೀದಿ ಬೀದಿ ತಿರುಗಿ ಇನ್ನೂರು ಪೌಂಡ್ ಬೇಡಿ ತಂದರು, ಬಡವರ ಬಟ್ಟೆಗೆಂದು. ಹಾಸಿಗೆ ಹಿಡಿದದ್ದೂ ಆಯಿತು. ಅಂಥ ಕೆಲಸಕ್ಕೆ ಯಾವ ಕಾಯ್ದೆಯೂ ಅಡ್ಡ ಬರುವುದಿಲ್ಲ.

ಬ್ರಿಟನ್ನಿನ ಮೆಥೊಡಿಸ್ಟರು 2000ದಲ್ಲಿ ‘ನಮ್ಮ ಕರೆ’ ಎಂಬ ಹೇಳಿಕೆ ಒಪ್ಪಿಕೊಂಡರು: ಆರಾಧನೆ, ಕಲಿಕೆ ಮತ್ತು ಪರಸ್ಪರ ಆರೈಕೆ, ಸೇವೆ, ಸುವಾರ್ತೆ. 2018ರಲ್ಲಿ ಅದನ್ನೇ ಮತ್ತೆ ಗಟ್ಟಿಮಾಡಿಕೊಂಡರು. ಹೇಳಿಕೆ ಚೆನ್ನಾಗಿಯೇ ಇದೆ. ಆದರೂ ಅಷ್ಟರೊಳಗೆ ಅವರ ಸದಸ್ಯರ ಸಂಖ್ಯೆ ಎರಡು ಲಕ್ಷಕ್ಕಿಂತ ಕೆಳಗಿಳಿದಿತ್ತು. ಹೇಳಿಕೆಯಿಂದಷ್ಟೇ ಜನ ಉಳಿಯುವುದಿಲ್ಲ. ನಮ್ಮ ಹುಡುಗರು ಭಾನುವಾರ ಸಂಜೆ ಜಾರಿಕೊಳ್ಳುವ ಹೊಸ ಸಭೆಗಳಲ್ಲಿ ನಡೆಯುವುದೇನು? ವಾರದ ನಡುವೆ ಯಾರದೋ ಮನೆಯಲ್ಲಿ ಹತ್ತು ಹನ್ನೆರಡು ಜನರ ‘ಸೆಲ್ ಗ್ರೂಪ್’. ವೆಸ್ಲಿಯ ಕ್ಲಾಸನ್ನು ನಾವು ಬಿಟ್ಟೆವು, ಅವರು ಎತ್ತಿಕೊಂಡರು. ಗಿಟಾರು, ಡ್ರಮ್ಸಿನಿಂದ ಹುಡುಗರು ಹೋದರು ಎಂದು ನಾವಿನ್ನೂ ಸಮಾಧಾನ ಹೇಳಿಕೊಳ್ಳುತ್ತಿದ್ದೇವೆ.

ಅಯ್ಯನವರಿಗೆ ಈಗಾಗಲೇ ಕೈತುಂಬ ಕೆಲಸ, ಇದನ್ನೆಲ್ಲ ಯಾರು ಮಾಡಬೇಕು ಎಂಬ ಪ್ರಶ್ನೆ ಬರುತ್ತದೆ. ಅಯ್ಯನವರು ಮಾಡಬೇಕಿಲ್ಲ. ಅವರಿಗೆ ಕೆಲವೇ ವರ್ಷದಲ್ಲಿ ವರ್ಗ, ಊರಿನ ಹೊಸ್ತಿಲುಗಳ ಪರಿಚಯ ಆಗುವಷ್ಟರಲ್ಲಿ ಬಿಷಪ್ಪರು ಬೇರೆ ಊರಿನ ಹೆಸರು ಓದಿರುತ್ತಾರೆ. ಊರಲ್ಲೇ ಉಳಿಯುವವರು ರಿಟೈರಾದ ನರ್ಸುಗಳು, ಟೀಚರುಗಳು, ಮಹಿಳಾ ಸಂಘದವರು. ಸುಗ್ಗಿ ಹಬ್ಬದಲ್ಲಿ ಒಂದು ಕುಂಬಳಕಾಯಿಯನ್ನು ಮೂರು ಸಲ ಹರಾಜು ಹಾಕಿ ಮೂರು ಸಲವೂ ದುಡ್ಡು ಎಬ್ಬಿಸುವ ಆ ಹೆಂಗಸರಿಗೆ ಯಾರ ಮನೆಯಲ್ಲಿ ಒಲೆ ಹೊತ್ತಿಲ್ಲ ಎಂಬುದೂ ಗೊತ್ತಿರುತ್ತದೆ. ಕಮಿಟಿಯಲ್ಲಿ ಅವರನ್ನು ಟೀ ಹಂಚಲು ಇಟ್ಟಿದ್ದೇವೆ. ಹನ್ನೊಂದು ಹನ್ನೊಂದು ಮನೆ ಹಂಚಿಕೊಡಿ, ಅದರಲ್ಲಿ ಎರಡಾದರೂ ಸಭೆಯ ರಿಜಿಸ್ಟರಿನಲ್ಲಿ ಇಲ್ಲದವರ ಮನೆ ಇರಲಿ. ಮೂರು ತಿಂಗಳಿಗೊಮ್ಮೆ ಸೇರುವ ಕ್ವಾರ್ಟರ್ಲಿ ಕಾನ್ಫರೆನ್ಸಿನಲ್ಲಿ ಲೆಕ್ಕಪತ್ರ ಓದುವ ಮೊದಲು ಆ ಹೆಂಗಸರು ಎದ್ದು ವರದಿ ಕೊಡಲಿ.