ವಿದ್ಯಾರ್ಥಿವೇತನ: ಹದ ತಪ್ಪಿದರೆ ಬೆಳೆಯಿಲ್ಲ



ಮುಂಗಾರು ಬಂತೆಂದರೆ ಬೀಜ, ಗೊಬ್ಬರ, ಆಳಿನ ಕೂಲಿ ಎಂದು ಕೈಯಲ್ಲಿದ್ದ ಹಣವೆಲ್ಲ ಭೂಮಿಗೆ ಹೋಗುತ್ತದೆ. ಮಕ್ಕಳು ಕಾಲೇಜು ಸೇರುವ ಕಾಲವೂ ಅದೇ. ಬೆಂಗಳೂರು ವಿಶ್ವವಿದ್ಯಾನಿಲಯದಂಥ ಕಡೆಗೆ ಪದವಿ ಓದಲು ಕಳುಹಿಸುವುದೆಂದರೆ ಶುಲ್ಕವೊಂದೇ ಅಲ್ಲ. ಊಟ, ಕೊಠಡಿ, ಬಸ್ಸು, ಪುಸ್ತಕ ಎಲ್ಲಕ್ಕೂ ದುಡ್ಡು ಬೇಕು. ಆಗ ಕರೆಯುವ ಹಸುವನ್ನು ಮಾರುವವರುಂಟು. ಕೈಸಾಲಕ್ಕೆ ಅಲೆಯುವವರುಂಟು. ಹುಡುಗ ಓದಲಿ, ಹುಡುಗಿ ಮನೆಯಲ್ಲಿರಲಿ ಎಂದು ತೀರ್ಮಾನಿಸುವವರೂ ಉಂಟು. ಹಾಗೆ ಮಾಡುವ ಮೊದಲು ನಿಮ್ಮ ಮಕ್ಕಳಿಗೆ ಬರಬೇಕಾದ ವಿದ್ಯಾರ್ಥಿವೇತನ ಯಾವುದೆಂದು ವಿಚಾರಿಸಿದ್ದೀರಾ?

ವಿದ್ಯಾರ್ಥಿವೇತನ ಭಿಕ್ಷೆಯಲ್ಲ. ಸರ್. ಎಂ. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿ ಖರ್ಚು ನೀಗಿಸಿಕೊಂಡರು. 1881ರಲ್ಲಿ ಬಿ.ಎ. ಮುಗಿಸಿ, ಮೈಸೂರು ಸಂಸ್ಥಾನದ ನೆರವಿನಿಂದ ಪುಣೆಯಲ್ಲಿ ಎಂಜಿನಿಯರಿಂಗ್ ಓದಿದರು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾದಾಗ ಸಂಸ್ಥಾನದ ಮುಖ್ಯ ಎಂಜಿನಿಯರ್ ಅವರೇ. ಸಂಸ್ಥಾನ ಒಬ್ಬ ಹುಡುಗನ ಮೇಲೆ ಹಾಕಿದ ಹಣ ಮಂಡ್ಯದ ಗದ್ದೆಗಳಿಗೆ ನೀರಾಗಿ ಹರಿಯಿತು. ಸೆಂಟ್ರಲ್ ಕಾಲೇಜು ಮುಂದೆ 1964ರಲ್ಲಿ ಸ್ಥಾಪನೆಯಾದ ಬೆಂಗಳೂರು ವಿಶ್ವವಿದ್ಯಾನಿಲಯಕ್ಕೆ ತಾಯಿಬೇರಾಯಿತು.

ಈಗ ಇರುವ ನೆರವುಗಳನ್ನು ನೋಡೋಣ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಮಕ್ಕಳಿಗೆ ಕೇಂದ್ರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವಿದೆ; ಅದಕ್ಕೆ ಪೋಷಕರ ವಾರ್ಷಿಕ ಆದಾಯ ಎರಡೂವರೆ ಲಕ್ಷ ರೂಪಾಯಿ ಮೀರಿರಬಾರದು. ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತರ ಇಲಾಖೆಗಳಿಗೂ ತಮ್ಮ ತಮ್ಮ ಯೋಜನೆಗಳಿವೆ. ಹಿಂದುಳಿದ ವರ್ಗದವರಿಗೆ ಸರ್ಕಾರಿ ವಸತಿನಿಲಯದಲ್ಲಿ ಜಾಗ ಸಿಗದಿದ್ದರೆ ಊಟ-ವಸತಿಗೆಂದು ಹಣ ಕೊಡುವ ‘ವಿದ್ಯಾಸಿರಿ’ 2013–14ರಲ್ಲಿ ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳಿಗೆ ಎಂದು ಆರಂಭವಾಯಿತು. ಜಾತಿ ಯಾವುದೇ ಇರಲಿ, ದ್ವಿತೀಯ ಪಿಯುಸಿಯಲ್ಲಿ ಒಳ್ಳೆಯ ಅಂಕ ಪಡೆದವರಿಗೆ ಕೇಂದ್ರದ ವಿದ್ಯಾರ್ಥಿವೇತನವೊಂದಿದೆ: ಕುಟುಂಬದ ಆದಾಯ ನಾಲ್ಕೂವರೆ ಲಕ್ಷದೊಳಗಿದ್ದರೆ ಪದವಿಯ ಮೊದಲ ಮೂರು ವರ್ಷ ವರ್ಷಕ್ಕೆ 12,000 ರೂಪಾಯಿ. ಇದಕ್ಕೆ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ. ರಾಜ್ಯದ ಯೋಜನೆಗಳಿಗೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ.

ರೈತರ ಮಕ್ಕಳಿಗೆಂದೇ 2021ರಲ್ಲಿ ‘ರೈತ ವಿದ್ಯಾನಿಧಿ’ ಬಂತು. ಆಗ ಗೊತ್ತುಮಾಡಿದ ಮೊತ್ತ ಬಿ.ಎ., ಬಿ.ಎಸ್ಸಿ., ಬಿ.ಕಾಂ. ಓದುವ ಹುಡುಗರಿಗೆ ವರ್ಷಕ್ಕೆ 5,000, ಹುಡುಗಿಯರಿಗೆ 5,500 ರೂಪಾಯಿ. ವೈದ್ಯಕೀಯ, ಎಂಜಿನಿಯರಿಂಗ್‌ಗೆ 10,000 ಮತ್ತು 11,000. ಹುಡುಗಿಗೆ ಹೆಚ್ಚು ಇಟ್ಟದ್ದು ಸುಮ್ಮನೆ ಅಲ್ಲ, ಗಮನಿಸಿ. ಈ ವರ್ಷದ ಆದೇಶ ಏನಿದೆ ಎಂಬುದನ್ನು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ತಿಳಿಯಿರಿ.

ಇಲ್ಲೊಂದು ತೊಡಕಿದೆ. ಈ ಯೋಜನೆಗೆ ತಂದೆಯ ಅಥವಾ ತಾಯಿಯ ಹೆಸರಿನಲ್ಲಿ ‘ಫ್ರೂಟ್ಸ್’ ನೋಂದಣಿ ಸಂಖ್ಯೆ ಇರಬೇಕು. ಅದು ನಿಂತಿರುವುದು ಪಹಣಿಯ ಮೇಲೆ. ತಾತ ತೀರಿಕೊಂಡು ಎಷ್ಟೋ ವರ್ಷವಾದರೂ ಪಹಣಿ ತಾತನ ಹೆಸರಿನಲ್ಲೇ ಇರುವ ಮನೆಗಳು ನಮ್ಮ ಹಳ್ಳಿಗಳಲ್ಲಿ ಬಹಳ. ಉಳುವವನು ಮಗ, ದಾಖಲೆಯಲ್ಲಿ ತಾತ; ನಷ್ಟ ಮೊಮ್ಮಗಳಿಗೆ. ಅಣ್ಣತಮ್ಮಂದಿರು ಕೂತು ಮಾತಾಡಿ ಪೌತಿ ಖಾತೆ ಮಾಡಿಸಿಕೊಳ್ಳಿ. ಇದು ಬೆಳೆ ಪರಿಹಾರಕ್ಕೂ ಬೇಕು, ಸಾಲಕ್ಕೂ ಬೇಕು.

ಇನ್ನು ಕೆಲವು ಮುನ್ನೆಚ್ಚರಿಕೆಗಳು:

1. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಮೊದಲೇ ಪಡೆಯಿರಿ. ಅವಧಿ ಮೀರಿದ್ದರೆ ಹೊಸದಾಗಿ ಮಾಡಿಸಿ.

2. ಅಂಕಪಟ್ಟಿ, ಆಧಾರ್, ಬ್ಯಾಂಕ್ ಪುಸ್ತಕ ಮೂರರಲ್ಲೂ ಹೆಸರು ಒಂದೇ ರೀತಿ ಇರಲಿ. ಒಂದು ಇನಿಷಿಯಲ್ ಹೆಚ್ಚುಕಡಿಮೆಯಾದರೂ ಅರ್ಜಿ ನಿಲ್ಲಬಹುದು.

3. ಖಾತೆ ವಿದ್ಯಾರ್ಥಿಯ ಹೆಸರಿನಲ್ಲೇ ಇದ್ದು, ಆಧಾರ್ ಜೋಡಣೆಯಾಗಿ, ಚಾಲ್ತಿಯಲ್ಲಿರಲಿ. ಎರಡು ಮೂರು ಖಾತೆಗಳಿದ್ದರೆ ಕೊನೆಗೆ ಜೋಡಿಸಿದ ಖಾತೆಗೇ ಹಣ ಬರುತ್ತದೆ. ಬಂದ ಹಣ ಬರಲಿಲ್ಲವೆಂದು ಅಲೆಯುವುದು ಇದರಿಂದಲೇ.

4. ಒಂದು ವರ್ಷ ಬಂದರೆ ಸಾಲದು, ಪ್ರತಿ ವರ್ಷ ಅರ್ಜಿ ಹಾಕಬೇಕು ಅಥವಾ ನವೀಕರಿಸಬೇಕು. ಮೇಲೆ ಹೇಳಿದ ಕೇಂದ್ರದ ವಿದ್ಯಾರ್ಥಿವೇತನಕ್ಕೆ ಶೇ. 50 ಅಂಕ, ಶೇ. 75 ಹಾಜರಿ ಬೇಕೇ ಬೇಕು.

ಸರ್ಕಾರಕ್ಕೂ ವಿಶ್ವವಿದ್ಯಾನಿಲಯಗಳಿಗೂ ಹೇಳಬೇಕಾದ ಮಾತಿದೆ. ಶುಲ್ಕ ಕಟ್ಟುವುದು ಸೇರುವಾಗ, ವಿದ್ಯಾರ್ಥಿವೇತನ ಕೈಸೇರುವುದು ತಿಂಗಳುಗಳ ಮೇಲೆ. ತೆನೆ ಒಣಗಿದ ಮೇಲೆ ಬಂದ ಮಳೆಯಿಂದ ಏನು ಪ್ರಯೋಜನ? ಅರ್ಹನೆಂದು ದಾಖಲೆಯಿಂದ ಗೊತ್ತಾದ ವಿದ್ಯಾರ್ಥಿಯಿಂದ, ಹಣ ಬರುವ ತನಕ ಶುಲ್ಕ ಕೇಳದಿರುವುದು ನ್ಯಾಯ. ಪೋರ್ಟಲ್ ತೆರೆಯುವ ಮತ್ತು ಮುಚ್ಚುವ ದಿನಾಂಕಗಳನ್ನು ಪ್ರತಿ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ತೂಗುಹಾಕುವುದಕ್ಕೆ ಒಂದು ಹಾಳೆ ಕಾಗದಕ್ಕಿಂತ ಹೆಚ್ಚು ಖರ್ಚಿಲ್ಲ.

ವಾಚನಾಲಯದಲ್ಲಿ ಇದನ್ನು ಓದುತ್ತಿರುವವರು ಓದು ಬಾರದ ನೆರೆಯವರಿಗೂ ತಿಳಿಸಿ. ಊರಿನಲ್ಲಿ ಈ ವರ್ಷ ಪಿಯುಸಿ ಮುಗಿಸಿದ ಮಕ್ಕಳು ಯಾರು ಯಾರು ಎಂದು ಪಟ್ಟಿ ಮಾಡಿ, ಅವರ ಕಾಗದಪತ್ರ ಸರಿಯಿದೆಯೇ ಎಂದು ಇಬ್ಬರು ವಿದ್ಯಾವಂತ ಯುವಕರು ನೋಡಿದರೆ ಒಂದು ಭಾನುವಾರದಲ್ಲಿ ಮುಗಿಯುವ ಕೆಲಸ. ಹದ ನೋಡಿ ಬಿತ್ತುವುದನ್ನು ನಿಮಗೆ ಯಾರೂ ಕಲಿಸಬೇಕಿಲ್ಲ. ಅರ್ಜಿಗೂ ಹದವುಂಟು. ಅದು ತಪ್ಪಿದರೆ ಹೋಗುವುದು ಒಂದು ಬೆಳೆಯಲ್ಲ, ಒಂದು ಮಗುವಿನ ಓದು.